ಮೊರದ ಎಡೆಗೆ ನಾನು ಕಟ್ಟಿದ ಅರ್ಥ

ಬಸುರಿ ಹೆಂಗಸು ಮೊರದ ಎಡೆಯನ್ನು ಮುಟ್ಟಬಾರದು ಎಂಬ ನಿಯಮವನ್ನು ಹುಟ್ಟಿಸಿದವನು ನಾನು, ಅತ್ತಿಗೆ. ಹಿರಿಯರಲ್ಲ, ದೇವರಲ್ಲ — ನಾನು.

ಓದಿದ್ದು ಬಿಕಾಂ, ಹುಚ್ಚು ಹಿಡಿದದ್ದು ಮಾನವಶಾಸ್ತ್ರದ್ದು. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತರೆ ಬಹುಮಾನ ನನ್ನದೇ. ರಜೆ ಬಂದರೆ ಮದ್ದೂರು, ಮಳವಳ್ಳಿ ಕಡೆಯ ಬಸ್ಸು ಹತ್ತಿ, ಕಂಡವರ ಜಗಲಿಯಲ್ಲಿ ಕೂತು, ಇದನ್ನು ಯಾಕೆ ಮಾಡುತ್ತೀರಿ, ಅದನ್ನು ಯಾಕೆ ಮಾಡುತ್ತೀರಿ ಎಂದು ತಲೆ ತಿನ್ನುತ್ತಿದ್ದೆ. ಪ್ರತಿ ಆಚರಣೆಗೂ ಒಂದು ಅರ್ಥ ಇರಲೇಬೇಕು ಎಂಬುದು ನನ್ನ ವಾದ. ಇಲ್ಲದಿದ್ದರೆ ಲೇಖನ ಮುಗಿಸುವುದು ಹೇಗೆ?

ಆತಗೂರಿನ ನಮ್ಮ ದೊಡ್ಡಮ್ಮ — ನಿಮ್ಮತ್ತೆ — ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರಿಗೆಲ್ಲ ಒಳಗೆ ಎಡೆ ಇಟ್ಟ ಮೇಲೆ, ಇನ್ನೊಂದು ಎಲೆಯನ್ನು ಮೊರದಲ್ಲಿಟ್ಟು ಹಿತ್ತಿಲಿಗೆ ಕೊಂಡೊಯ್ಯುತ್ತಿದ್ದರು. ಅದು ಯಾರಿಗೆ ಎಂದು ಕೇಳಿದೆ.

"ನಮ್ಮತ್ತೆ ಇಕ್ತಿದ್ರು, ನಾನೂ ಇಕ್ತೀನಿ. ಯಾರ್ಗೆ ಅಂತ ಅವ್ರೂ ಯೋಳ್ನಿಲ್ಲ, ನಾನೂ ಕೇಳ್ನಿಲ್ಲ. ವಡೆ ಆರೋಯ್ತದೆ, ಉಣ್ಣು ಬಾರ್ಲಾ."

ನನಗೆ ರೇಗಿತು. ಇಷ್ಟು ದೂರ ಬಂದದ್ದು ಇದಕ್ಕಾ? ಮನೆಗೆ ಹೋಗಿ ಬರೆದೆ: ಈ ಎಡೆ ಹೆರಿಗೆಯಲ್ಲಿ ಸತ್ತ ಹೆಂಗಸರಿಗೆ, ಅದಕ್ಕೇ ಹಿತ್ತಿಲು, ಅದಕ್ಕೇ ಮೊರ. ಓದಲು ಚೆನ್ನಾಗಿತ್ತು. ಇನ್ನೂ ಚೆನ್ನಾಗಲಿ ಎಂದು ಒಂದು ಸಾಲು ಸೇರಿಸಿದೆ — ಬಸುರಿಯರು ಅದನ್ನು ಮುಟ್ಟುವಂತಿಲ್ಲ. ಸಣ್ಣದೊಂದು ಮಾಸಪತ್ರಿಕೆ ಅಚ್ಚು ಹಾಕಿತು. ದೆವ್ವ ಉಂಟು ಎಂದವರನ್ನು ವೇದಿಕೆಯ ಮೇಲೆ ಸಿಗಿದು ಹಾಕುತ್ತಿದ್ದ ನಾನು ಕೂತಲ್ಲೇ ಒಂದು ದೆವ್ವ ಮಾಡಿದ್ದೆ.

ಮೂರು ವರ್ಷ ಯಾರೂ ಅದನ್ನು ಕೇಳಲಿಲ್ಲ. ಹೋದ ಪಿತೃಪಕ್ಷದಲ್ಲಿ ದೊಡ್ಡಮ್ಮನಿಗೆ ಮಂಡಿನೋವು. ಮೊರ ಎತ್ತಿದ್ದು ಆಗ ಬಸುರಿಯಾಗಿದ್ದ ನೀವು. ಆಮೇಲೆ, ಆ ತಿಂಗಳೇ, ನಿಮ್ಮ ಗರ್ಭ ನಿಲ್ಲಲಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ನನ್ನ ಲೇಖನದ ಫೋಟೊ ಹಾಕಿದರು. ಆ ಸಾಲಿನ ಕೆಳಗೆ ಕೆಂಪು ಗೆರೆ.

ನೋಡಿದೆ. ಏನೋ ಟೈಪು ಮಾಡಿದೆ. ಅಳಿಸಿದೆ.

ಮೊನ್ನೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಿರಿ. ತವರಿಗೆ ಹೊರಟಿದ್ದಿರಿ. "ನೀನು ಬರ್ದಿದ್ದ ಮೊದ್ಲೇ ಓದಿದ್ರೆ ನಾನು ಮುಟ್ತಿರ್ನಿಲ್ಲ ಕಣಪ್ಪ. ನನ್ ಕೈಯಾರೆ ಕಳ್ಕಂಡೆ."

ಅಲ್ಲೇ ಹೇಳಬೇಕಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಹೇಳಿದ್ದು — "ಬಸ್ಸು ಬಂತು, ಅತ್ತಿಗೆ."

ಮರುದಿನ ಆತಗೂರಿಗೆ ಹೋಗಿ ದೊಡ್ಡಮ್ಮನ ಮುಂದೆ ಒಪ್ಪಿಕೊಂಡೆ. ಅವರೆಕಾಯಿ ಸುಲಿಯುತ್ತಿದ್ದವರು ತಲೆಯೂ ಎತ್ತಲಿಲ್ಲ.

"ಬುಡ್ಲಾ. ನಿಮ್ಮತ್ಗೆ ಮ್ಯಾಲೆ ಕನಿಕ್ರ ಪಟ್ಕಂಡು ಸುಳ್ಳೇಳ್ತಿದ್ದೀಯ."

"ಯಾರ್ಗೆ ಅಂತ ಗೊತ್ತಿಲ್ಲ ಅಂತ ನೀನೇ ಯೋಳಿದ್ಯಲ್ಲ, ದೊಡ್ಡಮ್ಮ."

"ನಂಗೊತ್ತಿರ್ನಿಲ್ಲ. ನೀನು ನಾಕೂರು ತಿರ್ಗಿ ತಿಳ್ಕಂಡು ಬರ್ದೆ. ಅಚ್ಚಾಗದೆ. ಓದ್ದೋನು ನೀನಾ, ನಾನಾ?"

ಕತ್ತಲಾಗುವವರೆಗೂ ವಾದಿಸಿದೆ. ಯಾವ ಪುರಾವೆ ತರಲಿ? ಇಲ್ಲದ ನಿಯಮ ಇರಲಿಲ್ಲ ಎನ್ನಲು ಯಾರನ್ನು ಸಾಕ್ಷಿಗೆ ಕರೆಯಲಿ? ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದೇ ನನ್ನ ಕಸುಬು. ಇಲ್ಲಿ ಎದುರಾಳಿಯೇ ನಾನು — ಅಚ್ಚಾದ ನಾನು. ಅವನು ಗೆದ್ದ. ದೊಡ್ಡಮ್ಮ ಒಂದು ಚೀಲ ಅವರೆಕಾಯಿ ಕೊಟ್ಟು ಕಳಿಸಿದರು.

ಚಿಕ್ಕ ವಯಸ್ಸು, ಉತ್ಸಾಹ, ಗೊತ್ತಾಗಲಿಲ್ಲ — ಇವನ್ನೆಲ್ಲ ಬರೆದು ನೋಡಿದೆ, ಹೊಡೆದು ಹಾಕಿದೆ. ಗೊತ್ತಿದ್ದೇ ಬರೆದೆ. ಗೊತ್ತಿದ್ದೇ ಸುಮ್ಮನಿದ್ದೆ.

ಇದನ್ನು ಅದೇ ಪತ್ರಿಕೆಗೆ ಕಳಿಸುತ್ತಿದ್ದೇನೆ; ಹಾಕದಿದ್ದರೆ ಊರಿನ ಗುಂಪಿನಲ್ಲಿ ನಾನೇ ಹಾಕುತ್ತೇನೆ. ಅದಕ್ಕೂ ಮೊದಲು, ಈ ಭಾನುವಾರ, ಹೊಳಲಿನ ನಿಮ್ಮ ತವರಿಗೆ ಬರುತ್ತೇನೆ. ನಿಮ್ಮ ಕೈಯಿಂದ ಏನೂ ಆಗಲಿಲ್ಲ, ಅತ್ತಿಗೆ. ಈ ಮಾತನ್ನು ನಿಮ್ಮ ಮುಖ ನೋಡಿ ಹೇಳಬೇಕು. ನೀವೂ ನಂಬದೆ ಹೋದರೆ ಮುಂದಿನ ವಾರ ಮತ್ತೆ ಬರುತ್ತೇನೆ, ಅದರ ಮುಂದಿನ ವಾರವೂ. ನಂಬಿದ ದಿನ ನನ್ನನ್ನು ಹೊಸಿಲಿನ ಆಚೆಯೇ ನಿಲ್ಲಿಸಿದರೆ, ನಿಲ್ಲುತ್ತೇನೆ.