ಮತಗಟ್ಟೆಯಲ್ಲಿ ಹೇಳಿದ ಒಡಪು

ಮೇಲ್ಕಾಣಿಸಿದ ವಿಷಯದ ಕುರಿತು ನನಗೆ ನೆನಪಿರುವಷ್ಟನ್ನು, ತಪ್ಪಿದ್ದಲ್ಲಿ ಮನ್ನಿಸಬೇಕೆಂಬ ಕೋರಿಕೆಯೊಂದಿಗೆ, ಓದುಗರ ಅವಗಾಹನೆಗೆ ತರುತ್ತಿದ್ದೇನೆ.

ನಮ್ಮ ಕೊಲ್ಹಾರ ಎರಡು. ಒಂದರಲ್ಲಿ ನಾವು ವಾಸವಾಗಿದ್ದೇವೆ. ಇನ್ನೊಂದು ಕೃಷ್ಣೆಯ ಹಿನ್ನೀರಿನಡಿ ಮಲಗಿದೆ. ಆ ಮುಳುಗಿದ ಊರಿನ ಶಾಲೆಯಲ್ಲಿದ್ದ ಮತಗಟ್ಟೆಯಿಂದ ನನ್ನ ಅಜ್ಜಿಯ ತಾಯಿ ಹಿಂದೊಮ್ಮೆ ಮತ ಹಾಕದೆ ಮರಳಿದ್ದಳು. ಗುರುತಿಗಾಗಿ ಗಂಡನ ಹೆಸರು ಕೇಳಿದಾಗ ಆಕೆ ಬಾಯಿ ಬಿಡಲಿಲ್ಲ. ಹೆಂಡತಿಯಾದವಳು ಗಂಡನ ಹೆಸರನ್ನು ಉಚ್ಚರಿಸುವಂತಿರಲಿಲ್ಲ. ಅಜ್ಜಿ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ನಾನೆಂದೂ ನೋಡದ ಆ ಶಾಲೆಯ ಮೆಟ್ಟಿಲುಗಳೂ ಅವುಗಳ ಮೇಲೆ ಸುಳಿಯುವ ಮೀನುಗಳೂ ನನಗೆ ಕನಸಿನಲ್ಲಿ ಕಾಣುತ್ತವೆ.

ಕಳೆದ ಚುನಾವಣೆಯಂದು ಅಜ್ಜಿಯನ್ನು ನಾನೇ ಮತಗಟ್ಟೆಗೆ ಕರೆದೊಯ್ದೆ. ಆಕೆಯದೇ ಹೆಸರಿನ ಇನ್ನೊಬ್ಬ ಮುದುಕಿ ನಮ್ಮ ಓಣಿಯಲ್ಲಿದ್ದುದರಿಂದ, ಗುರುತಿನ ಚೀಟಿಯ ಮಸುಕಾದ ಫೋಟೋ ನೋಡಿ ಪಕ್ಷವೊಂದರ ಏಜೆಂಟನೊಬ್ಬ ತಕರಾರು ಎತ್ತಿದ. ಅಧಿಕಾರಿಯು ವಿನಯದಿಂದಲೇ ಕೇಳಿದರು: "ಅಮ್ಮಾರ, ನಿಮ್ಮ ಯಜಮಾನ್ರ ಹೆಸರೇನ್ರಿ?"

ಅಜ್ಜಿ ಸೆರಗು ಎಳೆದುಕೊಂಡು ನನ್ನತ್ತ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಏಜೆಂಟ, "ನೀವ್ ಹೇಳಬ್ಯಾಡ್ರಿ ಅಕ್ಕಾರ, ಅವ್ರ ಬಾಯಿಂದನ ಬರ್ಲಿ," ಎಂದ.

ಅಜ್ಜಿಯೂ ತನ್ನ ತಾಯಿಯಂತೆ ಮೆಟ್ಟಿಲಿಳಿದು ಮರಳುವಳೇನೋ ಎಂದು ನಾನು ಹೆದರಿದೆ.

ಸಾಲಿನಲ್ಲಿ ಹಿಂದೆ ನಿಂತಿದ್ದ, ನಾವೆಲ್ಲ ಖಾಲಾ ಎಂದು ಕರೆಯುವ ನೆರೆಮನೆಯ ಮುಸ್ಲಿಂ ಹೆಂಗಸು ಹೇಳಿದಳು: "ಮದುವಿ ಮನ್ಯಾಗ ಒಡಪ ಹೇಳಿ ಮಂದೀನ ನಗಸ್ತಿದ್ರಿ. ಈಗ್ಯಾಕ ಬಾಯಿಗಿ ಕೀಲಿ ಹಾಕ್ಕೊಂಡೀರಿ?"

ಪ್ರಾಸದ ಸಾಲುಗಳಲ್ಲಿ ಸುತ್ತಿ ಹೇಳಿದರೆ, ಅಂದರೆ ಒಡಪಿನಲ್ಲಿ, ಗಂಡನ ಹೆಸರಿಗೆ ದೋಷವಿಲ್ಲ. ಆದರೆ ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಒಡಪು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಕೆ ಕಣ್ಣು ಮುಚ್ಚಿದಳು.

"ಹೊಳಿ ನೀರಾಗ ಮಿಂಚತಾವ ಮೀನ,
ಓಟ ಹಾಕಾಕ ಬಂದೇನಿ ಗಟ್ಟಿ ಮಾಡಿ ಮನ,
ಸಾಹೇಬ್ರು ಕೇಳ್ಯಾರಂತ ಹೇಳ್ತೇನಿ..."

ಕೊನೆಗೆ ಅಜ್ಜನ ಹೆಸರು ಬಂತು. ಅದನ್ನು ಇಲ್ಲಿ ನಮೂದಿಸುವ ಅಧಿಕಾರ ನನಗಿಲ್ಲ. ಅಧಿಕಾರಿ ನಕ್ಕು, ಚೀಟಿಯನ್ನು ಮರಳಿಸಿ, ಮುಂದಕ್ಕೆ ಕೈ ತೋರಿದರು.

"ಇನ್ನೊಂದ ಹೇಳ್ರಿ ಆಯಿ," ಎಂದ ಏಜೆಂಟ.

"ಮೊದಲ ಬೆರಳಿಗಿ ಮಸಿ ಹಚ್ಚಲಿ ತಡಿ. ಇನ್ನೊಂದ ನಿನ್ನ ಮದುವ್ಯಾಗ ಹೇಳ್ತೇನಿ."

ಮತ ಹಾಕಿ ಹೊರಬಂದ ಅಜ್ಜಿ ಮನೆಯ ಬದಲು ಹಿನ್ನೀರಿನ ದಂಡೆಗೆ ಕರೆದೊಯ್ಯಲು ಹೇಳಿದಳು. ಬಿಸಿಲು ನೀರಿನ ಮೇಲೆ ತೂಗುತ್ತಿತ್ತು. ಶಾಲೆಯಿದ್ದ ದಿಕ್ಕಿಗೆ ಮಸಿಯ ಬೆರಳೆತ್ತಿ, "ಯವ್ವಾ, ಹಾಕಿ ಬಂದೇನಿ ನೋಡ," ಎಂದಳು.

ನಾನು ಕರೆದರೂ ಆ ಬೆರಳು ಬಹಳ ಹೊತ್ತು ಇಳಿಯಲಿಲ್ಲ.