ಗುರುಗಳು ಕಟ್ಟಿದ ಟೇಪು

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಚಾಮರಾಜಪೇಟೆಯ ಒಂದು ಕ್ಲಿನಿಕ್‌ನಲ್ಲಿ ಕೈಗಾಯಗಳನ್ನು ನೋಡುವ ಫಿಸಿಯೋಥೆರಪಿಸ್ಟ್ ಆಗಿದ್ದೆ. ಒಂದು ಬೆಳಿಗ್ಗೆ ತರಕಾರಿ ವ್ಯಾಪಾರಿ ಶಿವಣ್ಣ ತಮ್ಮ ಮಗಳು ಕಾವ್ಯಾಳನ್ನು ಕರೆತಂದರು. ಹದಿನೇಳು ವರ್ಷದ ಜೂಡೋ ಹುಡುಗಿ. ಬಲಗೈ ಉಂಗುರಬೆರಳಿಗೆ ಬುಡದಿಂದ ತುದಿಯವರೆಗೆ ಕೊಳೆಯಾದ ಬಿಳಿ ಟೇಪು.

"ಯಾವಾಗ ಸುತ್ತಿದ್ದಮ್ಮಾ?"

"ಹದಿನೆಂಟು ದಿನ ಆಯ್ತು ಮೇಡಂ. ಎದುರಾಳಿ ಕಾಲರ್ ಹಿಡಿದಿದ್ದೆ, ಅವಳು ಕಿತ್ಕೊಂಡ್ಳು, ಟಪ್ ಅಂತು. ನಮ್ ಕೋಚ್ ಸರ್ ದೇವರ ಫೋಟೋ ಮುಂದೆ ನಿಲ್ಲಿಸಿ ಕಟ್ಟಿದ್ರು."

"ಒಂದ್ಸಲಾನೂ ಬಿಚ್ಚಲಿಲ್ವಾ?"

ಶಿವಣ್ಣ ಗಾಬರಿಯಾದರು. "ಟೀಮ್ ಸೆಲೆಕ್ಷನ್ ಮುಗಿಯೋವರ್ಗೂ ಬಿಚ್ಚಂಗಿಲ್ಲ ಅಂದಿದ್ರು ಮೇಡಂ. ಮೊನ್ನೆ ಮುಗೀತು, ಆದ್ರೂ ಗುರುಗಳು ಕಟ್ಟಿದ್ದನ್ನ ನಾವ್ ಹೆಂಗ್ ಬಿಚ್ಚೋದು?"

ಮೈಯೆಲ್ಲ ಉರಿದುಹೋಯಿತು. ಕತ್ತರಿಯಿಂದ ಟೇಪು ಕತ್ತರಿಸಿ, ತುದಿ ಬಗ್ಗಿಸು ಎಂದೆ. ಹಲ್ಲು ಕಚ್ಚಿ ಪ್ರಯತ್ನಿಸಿದಳು, ಅಲುಗಲಿಲ್ಲ. ಬೆರಳನ್ನು ಬಗ್ಗಿಸುವ ಟೆಂಡನ್ ಎಂಬ ಹುರಿ ಮೂಳೆಯಿಂದ ಕಿತ್ತುಬಂದಿತ್ತು. ಒಂದು ವಾರ, ಹೆಚ್ಚೆಂದರೆ ಹತ್ತು ದಿನದೊಳಗೆ ಆಪರೇಷನ್ ಆದರೆ ಹೊಲಿಯಬಹುದು. ಆಮೇಲೆ ಅದು ಅಂಗೈ ಕಡೆಗೆ ಜಾರಿ ಕುಗ್ಗಿಬಿಡುತ್ತದೆ. ಸೆಲೆಕ್ಷನ್ನಿನಲ್ಲೂ ಮೊದಲ ಸುತ್ತಿನಲ್ಲೇ ಹಿಡಿತ ತಪ್ಪಿ ಸೋತಿದ್ದಳು.

ಬಸವನಗುಡಿಯಲ್ಲಿದ್ದ ಅವಳ ಕೋಚ್‌ಗೆ ಫೋನ್ ಮಾಡಿ, ಈಗಲೇ ಬನ್ನಿ ಎಂದೆ. ಬಂದರು. ಬಾಗಿಲಲ್ಲೇ ಶುರುಮಾಡಿದೆ.

"ಬುದ್ಧಿ ಎಲ್ಲಿಟ್ಟಿದ್ರೀ? ಆ ಮಗು ಬೆರಳು ನಿಮಗೆ ಹರಕೆ ದಾರ ಕಟ್ಟೋ ಕಂಬಾನಾ?"

ಅವರು ತಲೆ ತಗ್ಗಿಸಿದರು. "ನೀವೇ ನಮ್ ಕ್ಲಬ್‌ಗೆ ಬಂದು ಹೇಳ್ಕೊಟ್ಟಿದ್ದು ಮೇಡಂ. ಸುತ್ತೋದ್ ತೋರಿಸಿದ್ರಿ. ಗಾಯ ಆದ್ಮೇಲೆ ಸುತ್ತಬಾರದು, ಬಿಚ್ಚಿ ನೋಡ್ಬೇಕು ಅಂತ ಯಾರೂ ಹೇಳ್ಲಿಲ್ಲ."

ನಿಜ. ಒಂದು ಗಂಟೆಯ ತರಗತಿಯಲ್ಲಿ, ಬೆರಳಿನ ಗಿಣ್ಣಿನ ಮೇಲೊಂದು ಕೆಳಗೊಂದು ಪಟ್ಟಿ, ಗಿಣ್ಣು ಮಡಿಸುವಂತಿರಬೇಕು ಎಂದು ಠೀವಿಯಿಂದ ತೋರಿಸಿ, ಚಪ್ಪಾಳೆ ತಟ್ಟಿಸಿಕೊಂಡು ಬಂದಿದ್ದೆ. ಟೇಪು ಗಾಯವಾಗದಿರಲೆಂದು ಹಾಕುವಂಥದ್ದು, ಆದ ಗಾಯವನ್ನು ಮುಚ್ಚಲು ಅಲ್ಲ ಎಂಬ ಒಂದು ಮಾತನ್ನು ಆಡಿರಲಿಲ್ಲ. ಹಾಗೆಂದು ಅವರನ್ನು ಬಿಟ್ಟೆನೇ? ಇಲ್ಲ. ನೋವೆಂದು ಅಳುವ ಹುಡುಗಿಯನ್ನು ಡಾಕ್ಟರ ಹತ್ತಿರ ಕಳಿಸಲು ತರಗತಿ ಬೇಕೇನ್ರೀ ಎಂದು ಬೈದೆ.

ಆಪರೇಷನ್ ಆಯಿತು, ತಡವಾಗಿತ್ತು. ಬೆರಳ ತುದಿ ಮತ್ತೆ ಬಗ್ಗಲಿಲ್ಲ.

ಆಮೇಲಿನ ತರಗತಿಗಳಲ್ಲಿ ಕೋಚ್‌ಗಳ ಕೈಗೆ ಮೊದಲು ಕೊಟ್ಟದ್ದು ಕತ್ತರಿ. ಬಿಚ್ಚುವುದು ಬಂದ ಮೇಲೆಯೇ ಸುತ್ತುವುದು. ಕಾವ್ಯಾಳೂ ಒಮ್ಮೆ ಬಂದು ಎಲ್ಲರೆದುರು ಮುಷ್ಟಿ ಕಟ್ಟಿ ತೋರಿಸಿದಳು. ಆ ಒಂದು ಬೆರಳ ತುದಿ ಮಾತ್ರ ನೆಟ್ಟಗೆ ನಿಂತಿತ್ತು, ನನ್ನ ಕಡೆಗೇ.