ಮಾವನ ಒಂದು ಪರ್ಸೆಂಟ್

ಮೊನ್ನೆ ನಮ್ಮ ಕಣಿವೆಯ ಓಡೈಪಟ್ಟಿ ದಾಟುವಾಗ ಬಸ್ಸಿನ ಕಿಟಕಿಯಿಂದ ಮೈಲುತುತ್ತ, ಸುಣ್ಣ ಬೆರೆಸಿದ ನೀರಿನ ವಾಸನೆ ಬಂತು. ದ್ರಾಕ್ಷಿಗೆ ಔಷಧಿ ಹೊಡೆಯುತ್ತಿದ್ದರು. ತಟ್ಟನೆ ನಮ್ಮ ಪಕ್ಕದ ತೋಟದ ಮಾವ ನೆನಪಾದರು...

ತೊಂಬತ್ತರ ದಶಕದ ಕೊನೆ. ನನ್ನ ಎಂ.ಫಿಲ್. ಪ್ರಬಂಧದ ಪ್ರಯೋಗವೆಲ್ಲ ಅವರ ತೋಟದಲ್ಲೇ ನಡೆದಿತ್ತು. ಮಾವ ಮಹಾ ಜಂಬಗಾರ. "ನನ್ನಂಗೆ ಒಂದು ಪರ್ಸೆಂಟ್ ಔಷ್ದಿ ಕಲಸೋನು ಈ ಕಣಿವೇಲೇ ಇಲ್ಲ" ಅಂತ ದಾರಿಹೋಕರನ್ನೂ ನಿಲ್ಲಿಸಿ ಹೇಳೋರು. ನೂರು ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋ, ಅದೇ ಆ ಒಂದು ಪರ್ಸೆಂಟ್. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ತಮ್ಮ ಹೆಸರು ಬರಬೇಕು, ಒಂದು ಪರ್ಸೆಂಟೂ ಬರಬೇಕು, ಅದೂ ಅಕ್ಷರದಲ್ಲಲ್ಲ. "ಪೊಟ್ಟಣದ ಮ್ಯಾಲಿರೋ ಗುರ್ತು ಹಾಕು ಕಣ್ಣು, ಗತ್ತಾಗಿರ್ತೈತೆ" ಎಂದಿದ್ದರು. ನನ್ನನ್ನು ಅವರು ಮುದ್ದಿನಿಂದ ಕರೆಯುತ್ತಿದ್ದುದೇ 'ಕಣ್ಣು' ಅಂತ. ಸರಿ, ಶೇಕಡಾ ಚಿಹ್ನೆಯನ್ನೇ ಹಾಕಿದೆ.

ಟೈಪಿಂಗ್ ದಿಂಡಿಗಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ, ಲೇಟೆಕ್ ಎಂಬ ತಂತ್ರಾಂಶದಲ್ಲಿ. ಡಾಲರ್, ಅಂಡರ್‌ಸ್ಕೋರ್ ಯಾವ ಚಿಹ್ನೆ ಕಂಡರೂ ಆ ಪುಣ್ಯಾತ್ಮ ಯಂತ್ರ ತಪ್ಪು ತಪ್ಪು ಅಂತ ಅರಚಿಕೊಳ್ಳುತ್ತಿತ್ತು. ಹಿಂದೊಂದು ಓರೆಗೆರೆ ಹಾಕಿದರೆ ತೆಪ್ಪಗಾಗುತ್ತಿತ್ತು. ಶೇಕಡಾ ಚಿಹ್ನೆಗೆ ಮಾತ್ರ ಅರಚಲಿಲ್ಲ. ಓರೆಗೆರೆ ಇಲ್ಲದಿದ್ದರೆ ಅದು ಸಾಲಿನಲ್ಲಿ ತನ್ನ ಮುಂದಿನದನ್ನೆಲ್ಲ ಸದ್ದಿಲ್ಲದೆ ನುಂಗುತ್ತದಂತೆ. ನಮಗ್ಯಾರಿಗೆ ಗೊತ್ತಿತ್ತು! ತಪ್ಪೇ ಇಲ್ಲವೆಂದು ಅಚ್ಚು ಹಾಕಿಸಿ, ಕಾಲೇಜಿಗೂ ಒಪ್ಪಿಸಿಬಿಟ್ಟೆವು.

ನನ್ನ ಪ್ರತಿ ಹಿಡಿದು ಊರಿಗೆ ಬಂದರೆ, ಮಾವ ಬಿಳಿ ಅಂಗಿ ತೊಟ್ಟು ಅಕ್ಕಪಕ್ಕದವರನ್ನೆಲ್ಲ ಚಪ್ಪರದಡಿ ಕೂರಿಸಿದ್ದರು. ಶಾಲೆಯ ಟೀಚರಮ್ಮ ಆ ಪುಟ ಓದುತ್ತಾ ಹೋಗಿ "ಒಂದು..." ಅಂತ ನಿಂತುಬಿಟ್ಟರು. ಮುಂದೆ ಏನೂ ಇರಲಿಲ್ಲ; ಚಿಹ್ನೆಯೂ ಇಲ್ಲ, ಅದರ ಮುಂದಿದ್ದ ಮಾವನ ಹೆಸರೂ ಇಲ್ಲ.

ಯಾರೋ ಕಿಸಕ್ಕೆಂದರು. "ಏನ್ ಮಾವಾ, ಊರೆಲ್ಲ ಸಾರ್ದೆ, ನಿನ್ನೆಸ್ರೆಲ್ಲಿ?"

ಮಾವ ನನ್ನ ಮುಖ ನೋಡಿದರು. "ನಾನೇ ಬ್ಯಾಡಾಂದೆ ಕಣ್ರೋ. ಹೆಸ್ರು ಯಾತಕ್ಕೆ ನಂಗೆ?" ಎಂದವರು ಎದ್ದು ಬಳ್ಳಿಗಳ ನಡುವೆ ಹೋಗಿಬಿಟ್ಟರು.

ಮತ್ತೆ ದಿಂಡಿಗಲ್ಲಿಗೆ ಓಡಿದೆ. ಒಂದೇ ಒಂದು ಓರೆಗೆರೆ, ಇಡೀ ಸಾಲು ವಾಪಸ್ ಬಂತು. ಆ ಹೊಸ ಹಾಳೆ ತಂದು ಕೊಟ್ಟಾಗ ಮಾವ ತಮ್ಮ ಹೆಸರೆಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿತ್ತು. "ಈಗ ಇದನ್ನ ತೋರ್ಸಿದ್ರೆ ನನ್ ಮಾತು ಸುಳ್ಳಾಗ್ತೈತೆ ಕಣ್ಣು. ನೀನೇ ಮಡೀಕೋ."

ಆಮೇಲೆ ಅವರು ಒಂದು ಪರ್ಸೆಂಟಿನ ಮಾತೇ ಎತ್ತಲಿಲ್ಲ. ಮಾವ ಹೋಗಿ ಎಷ್ಟೋ ವರ್ಷವಾಯಿತು...

ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು, "ಏನಿದು ನಾತ?" ಅಂದಳು.

"ಒಂದು ಪರ್ಸೆಂಟ್ ಔಷಧಿ" ಅಂದೆ. ಅದನ್ನು ಕಣಿವೆಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಕಲಸುತ್ತಿದ್ದವರ ಹೆಸರನ್ನೂ, ಊರಿನ ಸಮೇತ, ಜೋರಾಗಿ ಹೇಳಿದೆ. ಅವಳು ಹ್ಞೂಂ ಅಂದು ಕೈಚಾಚಿ ಕಿಟಕಿ ಮುಚ್ಚಿದಳು.